ಕುದುರೆಯ ಮೈ ಮೇಲಿನ ಹುಣ್ಣು: ಜಾಗ ನೋಡಿ ಕಾರಣ ಹಿಡಿಯುವ ಕ್ರಮ

ಕುದುರೆಯ ಮೈ ಮೇಲೆ ಹುಣ್ಣು ಕಂಡ ಕೂಡಲೇ ಕೈ ಮುಲಾಮಿನ ಡಬ್ಬಿಗೆ ಹೋಗುತ್ತದೆ. ಮುಲಾಮು ಕೊನೆಯ ಕೆಲಸ. ಹುಣ್ಣು ಎಲ್ಲಿ ಎದ್ದಿದೆ, ತುರಿಕೆ ಇದೆಯೋ ಇಲ್ಲವೋ, ಯಾವ ಕಾಲದಲ್ಲಿ ಶುರುವಾಯಿತು ಎಂಬ ಮೂರು ವಿಷಯ ಗೊತ್ತಾದರೆ ಕಾರಣ ಬಹುಮಟ್ಟಿಗೆ ಕೈಗೆ ಸಿಗುತ್ತದೆ. ಅವುಗಳಲ್ಲೂ ಜಾಗಕ್ಕೇ ಹೆಚ್ಚಿನ ಬೆಲೆ. ಬೆನ್ನಿನ ಮೇಲಿನ ಹುಣ್ಣಿಗೆ ಜೀನು, ಪಟ್ಟಿಯಂಥ ಸಾಮಾನು ಸರಿಮಾಡಬೇಕು, ಗೊರಸಿನ ಮೇಲಿನದಕ್ಕೆ ನೆಲ ಒಣಗಿಸಬೇಕು, ಕಣ್ಣಿನ ಮೂಲೆಯದಕ್ಕೆ ಲದ್ದಿ ತೆಗೆಯಬೇಕು. ಈ ಮೂರಕ್ಕೂ ಒಂದೇ ಮುಲಾಮು ಹಚ್ಚಿದರೆ ಯಾವುದೂ ಮಾಯುವುದಿಲ್ಲ.

ಇದು ಟಾಂಗಾ ಕುದುರೆ, ಮೆರವಣಿಗೆ ಕುದುರೆ, ಸವಾರಿ ಶಾಲೆಯ ಕುದುರೆ ಸಾಕುವವರಿಗೆ ಬರೆದದ್ದು. ಸುಲಭವಾದ, ಖರ್ಚಿಲ್ಲದ ಪರೀಕ್ಷೆಗಳು ಮೊದಲು ಬರುತ್ತವೆ.

ಮುಟ್ಟುವ ಮೊದಲು

ಕೈಗವಸು ಹಾಕಿಕೊಳ್ಳಿ. ಕುದುರೆಯ ಚರ್ಮದ ಕಾಯಿಲೆಗಳಲ್ಲಿ ಕೆಲವು ಮನುಷ್ಯರಿಗೂ ಅಂಟುತ್ತವೆ, ಅವುಗಳಲ್ಲಿ ಒಂದು ಪ್ರಾಣ ತೆಗೆಯುವಂಥದ್ದು. ಒಬ್ಬರು ಲಗಾಮು ಹಿಡಿದಿರಲಿ, ನೋಡುವವರು ಅದೇ ಪಕ್ಕದಲ್ಲಿ ಕುದುರೆಯ ಭುಜಕ್ಕೆ ಹತ್ತಿರವಾಗಿ ನಿಲ್ಲಲಿ. ಹಿಂಗಾಲಿನ ನೇರಕ್ಕೆ ಯಾರೂ ನಿಲ್ಲಬಾರದು.

ಜ್ವರ ಅಳೆಯಿರಿ. ಥರ್ಮಾಮೀಟರಿನ ತುದಿಗೆ ವ್ಯಾಸಲೀನ್ ಹಚ್ಚಿ ಗುದದ್ವಾರದಲ್ಲಿ ಇಡಬೇಕು. ಒಳಗೆ ಜಾರಿಹೋಗದಂತೆ ಅದಕ್ಕೊಂದು ದಾರ ಕಟ್ಟಿ ಬಾಲದ ಕೂದಲಿಗೆ ಸಿಕ್ಕಿಸಿ. ಬಿಸಿಲಿನಿಂದಲೋ ಕೆಲಸದಿಂದಲೋ ಬಂದ ತಕ್ಷಣ ಅಳೆಯಬೇಡಿ. ಒಂದು ಗಂಟೆ ನೆರಳಲ್ಲಿ ನಿಂತಿರಲಿ. ದೊಡ್ಡ ಕುದುರೆಗೆ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್, ಅಂದರೆ 99.5ರಿಂದ 101.3 ಫ್ಯಾರನ್‌ಹೀಟ್, ಸಹಜ. ಬಳಿಕ ಮೂಗಿನ ಹೊಳ್ಳೆಗಳನ್ನೂ ದವಡೆಯ ಕೆಳಗಿನ ಗ್ರಂಥಿಗಳನ್ನೂ ನೋಡಿ.

ಈ ಕೆಳಗಿನವುಗಳಲ್ಲಿ ಒಂದಿದ್ದರೂ ಮನೆಮದ್ದು ಬಿಟ್ಟು ಪಶುವೈದ್ಯರನ್ನು ಕರೆಯಿರಿ:

- ಹುಣ್ಣಿನ ಜೊತೆಗೆ ಜ್ವರ, ಅಥವಾ ಮೂಗಿನಿಂದ ಅಂಟಾದ ಹಳದಿ ಸಿಂಬಳ
- ಕಾಲಿನ ಅಥವಾ ಕುತ್ತಿಗೆಯ ಉದ್ದಕ್ಕೆ ಸಾಲಾಗಿ ಎದ್ದ ಗಂಟುಗಳು
- ಕೀಲಿನ ಹತ್ತಿರದ ಗಾಯದಿಂದ ಎಣ್ಣೆಯಂತೆ ಜಿಗುಟಾದ, ತಿಳಿಹಳದಿ ದ್ರವ ಒಸರುವುದು. ತೂತು ಎಷ್ಟು ಸಣ್ಣದಾದರೂ ಇದು ತುರ್ತು
- ಕಣ್ಣುಗುಡ್ಡೆಗೆ ತಾಗಿದ ಹುಣ್ಣು
- ನಾಯಿ ಕಚ್ಚಿದ ಗಾಯ. ಸೋಪು ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ರೇಬೀಸ್ ಲಸಿಕೆಯ ವಿಚಾರ ಮಾಡಬೇಕು
- ಮೈ ಬಿಗಿದುಕೊಂಡು, ಬಾಲ ಎತ್ತಿ, ಸಣ್ಣ ಸದ್ದಿಗೂ ಬೆಚ್ಚಿ, ಕಣ್ಣಿನ ಒಳಮೂಲೆಯ ಪೊರೆ ಗುಡ್ಡೆಯ ಮೇಲೆ ಹಾಯುವುದು. ಇದು ಧನುರ್ವಾಯು

ಸಾಕುಪ್ರಾಣಿಗಳಲ್ಲಿ ಧನುರ್ವಾಯುವಿಗೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವುದು ಬೇರೊಂದಿಲ್ಲ. ಲಾಯದ ಮಣ್ಣಲ್ಲೂ ಲದ್ದಿಯಲ್ಲೂ ಆ ರೋಗಾಣು ಇದ್ದೇ ಇರುತ್ತದೆ. ಲಸಿಕೆ ಹಾಕಿಸಿ ಆರು ತಿಂಗಳು ದಾಟಿದ್ದರೆ ಆಳವಾದ ಯಾವ ಗಾಯಕ್ಕೂ ಮತ್ತೊಂದು ಡೋಸ್ ಬೇಕು. ಲಸಿಕೆಯನ್ನೇ ಕಾಣದ ಕುದುರೆಗೆ ಏನು ಕೊಡಬೇಕೆಂದು ವೈದ್ಯರು ಹೇಳಬೇಕು.

ತೊಳೆಯುವ ನೀರು

ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು ಹಾಕಿ. ತಲೆ ಸವರಿದ ಒಂದೂವರೆ ಟೀ ಚಮಚ ಸುಮಾರು ಅಷ್ಟಾಗುತ್ತದೆ. ಎಲ್ಲ ಗಾಯಕ್ಕೂ ಮೊದಲ ತೊಳೆತ ಇದೇ. ಕೀವಿದ್ದರೆ 10 ಪ್ರತಿಶತದ ಪೊವಿಡೋನ್ ಅಯೋಡಿನ್ ದ್ರಾವಣವನ್ನು ಲೀಟರಿಗೆ 10ರಿಂದ 20 ಮಿಲೀ ಬೆರೆಸಿ. ನೀರು ತೆಳು ಡಿಕಾಕ್ಷನ್ ಬಣ್ಣಕ್ಕೆ ಬಂದರೆ ಸಾಕು. ಗಟ್ಟಿ ಇದ್ದಷ್ಟೂ ಒಳ್ಳೆಯದು ಎಂದು ಬಾಟಲಿಯಿಂದ ನೇರವಾಗಿ ಸುರಿದರೆ ರೋಗಾಣುವಿನ ಜೊತೆಗೆ ಹೊಸದಾಗಿ ಹುಟ್ಟುತ್ತಿರುವ ಚರ್ಮವೂ ಸಾಯುತ್ತದೆ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ಸೀಮೆಎಣ್ಣೆ, ಸುಣ್ಣ, ಗಾಡಿಯ ಹಳೆ ಆಯಿಲ್, ಬ್ಯಾಟರಿ ನೀರು, ಯಾವುದೂ ಗಾಯಕ್ಕೆ ಬೇಡ.

ಜೀನು, ಎದೆಪಟ್ಟಿ, ಹೊಟ್ಟೆಪಟ್ಟಿ ತಾಗುವಲ್ಲಿ ಹುಣ್ಣು

ದುಡಿಯುವ ಕುದುರೆಯಲ್ಲಿ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಭುಜಗಳ ನಡುವಿನ ದಿಬ್ಬ, ಬೆನ್ನೆಲುಬಿನ ನೆತ್ತಿ, ಮುಂಗಾಲಿನ ಮೊಣಕೈ ಹಿಂದೆ, ಎದೆಯ ಮುಂಭಾಗ, ಬಾಲದ ಕೆಳಗೆ, ಬಾಯಿಯ ಮೂಲೆ. ಹುಣ್ಣು ಈ ಆರು ಜಾಗಗಳಲ್ಲಿ ಒಂದರಲ್ಲಿದ್ದರೆ ಔಷಧಿ ಅಂಗಡಿಗೆ ಹೋಗುವ ಮೊದಲು ಸಾಮಾನು ಬಿಚ್ಚಿ ನೋಡಿ.

ಪರೀಕ್ಷೆಗೆ ಕಾಸಿನ ಖರ್ಚಿಲ್ಲ. ಅರ್ಧ ಗಂಟೆ ಕೆಲಸದ ನಂತರ ಜೀನು ಇಳಿಸಿ, ಬೆನ್ನು ಒರೆಸದೆ ಬೆವರನ್ನು ನೋಡಿ. ಸುತ್ತ ಒದ್ದೆಯಾಗಿ ನಡುವೆ ಅಂಗೈಯಷ್ಟು ಜಾಗ ಒಣಗಿದ್ದರೆ ಅಲ್ಲಿ ಒತ್ತಡ ಹೆಚ್ಚು. ರಕ್ತ ಓಡಾಟ ನಿಂತು ಬೆವರಗ್ರಂಥಿ ಕೆಲಸ ಮಾಡಿಲ್ಲ. ಇವತ್ತಿನ ಒಣ ತೇಪೆ ಮುಂದಿನ ವಾರದ ಹುಣ್ಣು. ಕಂದು ಕುದುರೆಯ ಬೆನ್ನಿನ ಮೇಲೆ ಬಿಳಿ ಕೂದಲಿನ ಮಚ್ಚೆಗಳಿದ್ದರೆ ಹಿಂದೆ ಯಾವಾಗಲೋ ಒತ್ತಡದಿಂದ ಕೂದಲಿನ ಬೇರು ಸುಟ್ಟಿದೆ ಎಂದರ್ಥ. ಕುದುರೆ ಕೊಳ್ಳುವಾಗಲೂ ಇದನ್ನು ನೋಡುವುದುಂಟು.

ಆಮೇಲೆ ಅಂಗೈ ಬೋರಲು ಮಾಡಿ ಖೋಗೀರಿನ, ಅಂದರೆ ಜೀನಿನ ಕೆಳಗೆ ಹಾಕುವ ದಿಂಡಿನ, ಒಳಮೈಯನ್ನು ಸವರಿ. ಒಣಗಿದ ಬೆವರಿನ ಉಪ್ಪು, ಗಂಟಾದ ಹತ್ತಿ, ಹೊರಬಂದ ಮೊಳೆ, ಹುಲ್ಲಿನ ಮುಳ್ಳು ಕೈಗೆ ಸಿಗುತ್ತದೆ. ಸವಾರ ಕುಳಿತಿರುವಾಗ ದಿಬ್ಬಕ್ಕೂ ಜೀನಿಗೂ ನಡುವೆ ಎರಡು ಮೂರು ಬೆರಳು ತೂರಬೇಕು. ಬೆನ್ನೆಲುಬಿನ ಉದ್ದಕ್ಕೆ ಮುಂದಿನಿಂದ ಹಿಂದಕ್ಕೆ ಬೆಳಕು ಹಾಯಬೇಕು.

ಟಾಂಗಾದಲ್ಲಿ ತಪ್ಪು ಹೆಚ್ಚಾಗಿ ಗಾಡಿಯ ತೂಕದ್ದು. ಎರಡು ಚಕ್ರದ ಗಾಡಿಯಲ್ಲಿ ಜನ ಮುಂದಕ್ಕೆ ಸರಿದು ಕೂತರೆ ಮೂಕಿಗಳ, ಅಂದರೆ ಕುದುರೆಯ ಎರಡೂ ಪಕ್ಕಕ್ಕೆ ಬರುವ ಗಾಡಿಯ ಉದ್ದ ಮರಗಳ, ಭಾರ ನೇರ ಬೆನ್ನಿನ ದಿಂಡಿನ ಮೇಲೆ ಬೀಳುತ್ತದೆ. ಜನ ಕೂತ ಮೇಲೆ ಮೂಕಿಯನ್ನು ಒಂದು ಕೈಯಲ್ಲಿ ಹಗುರವಾಗಿ ಮೇಲೆ ಕೆಳಗೆ ಆಡಿಸಲು ಬಂದರೆ ತೂಕ ಸರಿ. ಹಿಂದೆ ಭಾರವಾದರೆ ಹೊಟ್ಟೆಪಟ್ಟಿ ಮೇಲಕ್ಕೆ ಎಳೆದು ಮೊಣಕೈ ಹಿಂದಿನ ಚರ್ಮ ಕಿತ್ತುಬರುತ್ತದೆ. ಎದೆಪಟ್ಟಿ ಭುಜದ ಕೀಲಿಗಿಂತ ಮೇಲೆ, ಗಂಟಲಿನ ಕೊಳವೆಗಿಂತ ಕೆಳಗೆ ಇರಬೇಕು. ನೈಲಾನ್ ಹಗ್ಗ, ಹಳೆ ಟೈರಿನ ಪಟ್ಟಿಗಳಿಂದ ಮಾಡಿದ ಎದೆಪಟ್ಟಿ ಅಗ್ಗ ನಿಜ. ಬೆವರು ಹೀರುವುದಿಲ್ಲ, ಅಂಚು ಗರಗಸದಂತೆ ಕೊಯ್ಯುತ್ತದೆ. ಅದಕ್ಕೆ ಹತ್ತಿ ಬಟ್ಟೆ ಸುತ್ತಿ ಹೊಲಿಯಿರಿ, ಬಟ್ಟೆಯನ್ನು ದಿನಾ ಒಗೆಯಿರಿ.

ಚಿಕಿತ್ಸೆ:

1. ಕೂದಲಷ್ಟೇ ಸವೆದು ಊದಿಕೊಂಡಿದ್ದರೆ ದಿನಕ್ಕೆ ಎರಡು ಸಲ 15ರಿಂದ 20 ನಿಮಿಷ ತಣ್ಣೀರು ಬಿಡಿ. ಊತ ಇಳಿದು, ಬೆರಳಿನಿಂದ ಒತ್ತಿದಾಗ ಕುದುರೆ ಚರ್ಮ ನಡುಗಿಸದಿದ್ದರೆ ಮಾತ್ರ ಮತ್ತೆ ಸಾಮಾನು ಏರಿಸಿ.
2. ಚರ್ಮ ಕಿತ್ತಿದ್ದರೆ ಉಪ್ಪುನೀರಲ್ಲಿ ತೊಳೆದು, ಸ್ವಚ್ಛ ಬಟ್ಟೆಯಿಂದ ಒತ್ತಿ ಒಣಗಿಸಿ, ಸಿಲ್ವರ್ ಸಲ್ಫಾಡಯಜಿನ್ ಮುಲಾಮನ್ನು ತೆಳುವಾಗಿ ಹಚ್ಚಿ. ಹೊಸ ಚರ್ಮ ಮುಚ್ಚಿ ಅದರ ಮೇಲೆ ಕೂದಲು ಚಿಗುರುವವರೆಗೆ ಆ ಜಾಗಕ್ಕೆ ಏನೂ ತಾಗಬಾರದು. ವಾರಗಟ್ಟಲೆ ರಜೆ ಎಂದರೆ ಸಂಪಾದನೆಗೆ ಏಟು. ಆದರೆ ಅರ್ಧ ಮಾಯ್ದ ಹುಣ್ಣಿನ ಮೇಲೆ ಒಂದು ದಿನ ದುಡಿಸಿದರೆ ಲೆಕ್ಕ ಮತ್ತೆ ಮೊದಲಿನಿಂದ.
3. ನಡುವೆ ಚರ್ಮ ಸತ್ತು ಕರಿ ಬಿಲ್ಲೆಯಂತೆ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಕೀಳಬೇಡಿ. ಅದನ್ನು ವೈದ್ಯರು ಕತ್ತರಿಸಿ ತೆಗೆಯಬೇಕು.

ಹುಣ್ಣಿಗೆ ಸರಿಯಾಗಿ ಖೋಗೀರಿನಲ್ಲಿ ತೂತು ಕತ್ತರಿಸಿ ಕೆಲಸಕ್ಕೆ ಹೂಡುವ ಉಪಾಯ ಎಲ್ಲ ಕಡೆಯೂ ಇದೆ. ಒತ್ತಡವೆಲ್ಲ ತೂತಿನ ಅಂಚಿಗೆ ಹೋಗಿ, ಹಳೆ ಹುಣ್ಣಿನ ಸುತ್ತ ಬಳೆಯಂತೆ ಹೊಸ ಹುಣ್ಣು ಏಳುತ್ತದೆ.

ಭುಜದ ದಿಬ್ಬದ ಮೇಲೆ ಚರ್ಮ ಒಡೆಯದೆ ಮೆತ್ತಗೆ ಬಿಸಿಯಾಗಿ ಊದಿದರೆ ವಿಷಯ ಬೇರೆ. ಒಳಗಿನ ಚೀಲಕ್ಕೆ ಸೋಂಕು ತಗುಲಿರುತ್ತದೆ. ಇದಕ್ಕೆ ಕಾರಣವಾಗಬಲ್ಲ ರೋಗಾಣುಗಳಲ್ಲಿ ದನಗಳಲ್ಲಿ ಗರ್ಭಪಾತ ಮಾಡಿಸುವ ಬ್ರುಸೆಲ್ಲಾ ಕೂಡ ಒಂದು. ಅದು ಮನುಷ್ಯರಿಗೂ ಬರುತ್ತದೆ. ಬ್ಲೇಡಿನಿಂದ ಕೊಯ್ದು ಕೀವು ಹಿಂಡುವ ಸಾಹಸ ಬೇಡ. ದನ ಮತ್ತು ಕುದುರೆ ಒಂದೇ ಕೊಟ್ಟಿಗೆಯಲ್ಲಿದ್ದರೆ ವೈದ್ಯರಿಗೆ ಮೊದಲೇ ಹೇಳಿ.

ಮಳೆಗಾಲದಲ್ಲಿ ಬೆನ್ನ ಮೇಲೆ ಹಕ್ಕಳೆ, ಗೊರಸಿನ ಮೇಲೆ ಬಿರುಕು

ನಾಲ್ಕೈದು ದಿನ ಬಿಡದೆ ಮಳೆ ಹೊಡೆದ ಮೇಲೆ ಬೆನ್ನಿನ, ಸೊಂಟದ ಕೂದಲು ಗುಂಪು ಗುಂಪಾಗಿ ಎದ್ದು ನಿಲ್ಲುತ್ತದೆ. ಕೈಯಾಡಿಸಿದರೆ ಮರಳು ಅಂಟಿದಂತೆ ತರಿತರಿ. ಒಂದು ಹಕ್ಕಳೆಯನ್ನು ಮೆಲ್ಲಗೆ ಎಬ್ಬಿಸಿ: ಕೂದಲಿನ ಕುಚ್ಚು ಸಮೇತ ಪುಟ್ಟ ಬ್ರಷ್ಷಿನಂತೆ ಕೈಗೆ ಬಂದು, ಅಡಿಯಲ್ಲಿ ಗುಲಾಬಿ ಬಣ್ಣದ ಒದ್ದೆ ಚರ್ಮ, ಅದರ ಮೇಲೆ ತೆಳು ಹಳದಿ ಕೀವು ಕಂಡರೆ ಅದು ಡರ್ಮಟೋಫಿಲಸ್ ಎಂಬ ಬ್ಯಾಕ್ಟೀರಿಯಾದ ಕೆಲಸ. ನೋಡಲು ಬೂಷ್ಟಿನಂತಿದ್ದರೂ ಇದು ಶಿಲೀಂಧ್ರವಲ್ಲ. ಗಜಕರ್ಣದ ಮುಲಾಮು ಇದಕ್ಕೆ ಹತ್ತುವುದಿಲ್ಲ. ತುರಿಕೆ ಸಾಮಾನ್ಯವಾಗಿ ಇರುವುದಿಲ್ಲ, ನೋವು ಇರುತ್ತದೆ.

ಕುದುರೆಯನ್ನು ಒಣ ಜಾಗಕ್ಕೆ ತರುವುದೇ ಅರ್ಧ ಚಿಕಿತ್ಸೆ. 2 ಪ್ರತಿಶತದ ಕ್ಲೋರ್‌ಹೆಕ್ಸಿಡಿನ್ ಶಾಂಪೂ ಹಚ್ಚಿ 10 ನಿಮಿಷ ಬಿಟ್ಟು, ನೆನೆದು ತಾನಾಗಿ ಬಿಡುವ ಹಕ್ಕಳೆಗಳನ್ನಷ್ಟೇ ತೆಗೆದು, ಚೆನ್ನಾಗಿ ತೊಳೆದು, ಬುಡದ ತನಕ ಒರೆಸಿ ಒಣಗಿಸಿ. ಎರಡು ಮೂರು ದಿನಕ್ಕೊಮ್ಮೆ, ಹೊಸ ಹಕ್ಕಳೆ ಏಳುವುದು ನಿಲ್ಲುವವರೆಗೆ. ಒಣ ಹಕ್ಕಳೆಯನ್ನು ಖರಾರದಿಂದ (ಮೈ ತಿಕ್ಕುವ ಹಲ್ಲಿನ ಬ್ರಷ್) ಕೆರೆದರೆ ರಕ್ತ ಬಂದು ಸೋಂಕು ಹರಡುತ್ತದೆ. ತೆಗೆದ ಹಕ್ಕಳೆಯನ್ನು ಲಾಯದ ನೆಲಕ್ಕೆ ಉದುರಿಸದೆ ಕಾಗದದಲ್ಲಿ ಕೂಡಿಸಿ ಸುಡಿ, ರೋಗಾಣು ಅದರಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಎಣ್ಣೆ, ಗ್ರೀಸ್ ಹಚ್ಚಬೇಡಿ. ಗಾಳಿಯಿಲ್ಲದ ತೇವವೇ ಈ ರೋಗಾಣುವಿಗೆ ಬೇಕಾದದ್ದು.

ಗೊರಸಿನ ಮೇಲೆ, ಹಿಂಬದಿಯ ಕುಳಿಯಲ್ಲಿ ಬಿರುಕು, ರಸಿಗೆ, ದುರ್ವಾಸನೆ ಇದ್ದರೆ ಕೆಸರಿನಲ್ಲೋ ಮೂತ್ರದಿಂದ ನೆನೆದ ಲಾಯದಲ್ಲೋ ನಿಂತು ಚರ್ಮ ಕೊಳೆತಿದೆ. ಉದ್ದ ಕೂದಲು ಕತ್ತರಿಸಿ, ಮೇಲಿನಂತೆಯೇ ತೊಳೆದು, ಪೂರ್ತಿ ಒಣಗಿದ ಮೇಲೆ ಜಿಂಕ್ ಆಕ್ಸೈಡ್ ಮುಲಾಮು ಹಚ್ಚಿ. ಕೆಸರನ್ನು ದಿನಕ್ಕೆ ನಾಲ್ಕು ಸಲ ನೀರು ಹೊಡೆದು ತೊಳೆಯುವುದಕ್ಕಿಂತ ಒಣಗಲು ಬಿಟ್ಟು ಬ್ರಷ್ಷಿನಿಂದ ಉದುರಿಸುವುದು ವಾಸಿ. ಬಿಳಿ ಕಾಲಿಗೆ ಮಾತ್ರ ಹುಣ್ಣಾಗಿ, ಮೂತಿಯ ಬಿಳಿ ಚರ್ಮವೂ ಬಿಸಿಲಿಗೆ ಸುಟ್ಟಂತಾಗಿದ್ದರೆ ಕೆಸರನ್ನು ಬಿಟ್ಟು ಮೇವನ್ನೂ ಯಕೃತ್ತನ್ನೂ ಅನುಮಾನಿಸಬೇಕು. ಕುದುರೆಯನ್ನು ನೆರಳಿಗೆ ಕಟ್ಟಿ, ರಕ್ತ ಪರೀಕ್ಷೆ ಮಾಡಿಸಿ. ಕಾಲು ಮೇಲಿನವರೆಗೆ ಊದಿ ಕುಂಟಿದರೂ ವೈದ್ಯರು ಬೇಕು.

ದುಂಡಗೆ ಕೂದಲು ಉದುರಿದ ತೇಪೆ

ನಾಣ್ಯದಗಲ, ಬೂದಿ ಬಣ್ಣದ ಹೊಟ್ಟು, ಅಂಚಿನ ಕೂದಲು ಮುರಿದಿರುವುದು, ಮುಖ್ಯವಾಗಿ ಮುಖ, ಕುತ್ತಿಗೆ, ಹೊಟ್ಟೆಪಟ್ಟಿಯ ಜಾಗದಲ್ಲಿ. ಇದು ಗಜಕರ್ಣ. ಸಾಕುವವರ ಮುಂಗೈ ಮೇಲೂ ಕೆಂಪು ಬಳೆ ಎದ್ದಿದ್ದರೆ ಅನುಮಾನ ಇನ್ನೂ ಗಟ್ಟಿ. ಎಳೆಯ ಕುದುರೆಗಳಲ್ಲಿ ಹೆಚ್ಚು, ಬಹಳಷ್ಟು ಸಲ ಎರಡು ಮೂರು ತಿಂಗಳಲ್ಲಿ ತಾನಾಗಿ ಮಾಯುತ್ತದೆ. ಆದರೂ ಚಿಕಿತ್ಸೆ ಮಾಡುವುದು ಬೇರೆ ಕುದುರೆಗಳಿಗೆ ಹರಡದಿರಲಿ ಎಂದು. ಮೈಕೊನಜೋಲ್ ಮತ್ತು ಕ್ಲೋರ್‌ಹೆಕ್ಸಿಡಿನ್ ಇರುವ ಶಾಂಪೂವಿನಲ್ಲಿ ವಾರಕ್ಕೆ ಎರಡು ಸಲ ಇಡೀ ಮೈ ತೊಳೆಯಿರಿ. ಬ್ರಷ್, ಬಕೆಟ್‌ಗಳನ್ನು ಒಂದು ಭಾಗ ಬ್ಲೀಚ್ ದ್ರಾವಣಕ್ಕೆ ಹತ್ತು ಭಾಗ ನೀರು ಬೆರೆಸಿ ನೆನೆಹಾಕಿ. ಚರ್ಮದ ಸಾಮಾನಿಗೆ ಬ್ಲೀಚ್ ಆಗದು. ಸ್ಟಿರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಎರಡು ದಿನ ಕೆಂಪು ಇಳಿದಂತೆ ಕಂಡು ಆಮೇಲೆ ತೇಪೆ ದುಪ್ಪಟ್ಟಾಗುತ್ತದೆ.

ಉಜ್ಜಿ ಉಜ್ಜಿ ಮಾಡಿಕೊಂಡ ಗಾಯ

ಬಾಲದ ಬುಡ, ಕುತ್ತಿಗೆಯ ಕೂದಲಿನ ಸಾಲು ಸವೆದಿದ್ದರೆ, ಅದೂ ಪ್ರತಿ ವರ್ಷ ಅದೇ ಕಾಲಕ್ಕೆ ಬರುತ್ತಿದ್ದರೆ, ನುಸಿ ಕಡಿತದ ಅಲರ್ಜಿ. ಈ ನುಸಿಗಳು ಮುಸ್ಸಂಜೆಗೂ ಬೆಳಗಿನ ಜಾವಕ್ಕೂ ಏಳುತ್ತವೆ, ಹಾರುವ ಬಲ ಕಡಿಮೆ. ಸಂಜೆ ನಾಲ್ಕರಿಂದ ಬೆಳಗ್ಗೆ ಎಂಟರವರೆಗೆ ಕುದುರೆ ಒಳಗಿದ್ದು, ಒಂದು ದೊಡ್ಡ ಫ್ಯಾನ್ ತಿರುಗುತ್ತಿದ್ದರೆ ತುರಿಕೆ ಇಳಿಯುವುದು ಕಾಣುತ್ತದೆ.

ಕುತ್ತಿಗೆ ಕೂದಲನ್ನು ಬಿಸಿಲಲ್ಲಿ ಬಿಡಿಸಿ ನೋಡಿ. ಚಲಿಸುವ ಕಂದು ಚುಕ್ಕಿ, ಕೂದಲಿಗೆ ಅಂಟಿದ ಬಿಳಿ ಸೀರು ಇದ್ದರೆ ಹೇನು. ಕುದುರೆಗೆಂದೇ ಲೇಬಲ್ ಇರುವ ಪರ್ಮೆಥ್ರಿನ್ ಪುಡಿ ಅಥವಾ ದ್ರಾವಣವನ್ನು 14 ದಿನದ ಅಂತರದಲ್ಲಿ ಎರಡು ಸಲ ಹಾಕಿ. ಮೊದಲ ಸಲಕ್ಕೆ ಸೀರು ಸಾಯುವುದಿಲ್ಲ. ಕಾಲು ನೆಲಕ್ಕೆ ಬಡಿಯುತ್ತಾ ಕೆಳಗಾಲನ್ನೇ ಕಚ್ಚಿಕೊಳ್ಳುತ್ತಿದ್ದರೆ ಕಜ್ಜಿ ಹುಳ ಇರಬಹುದು, ಅದು ಬರಿಗಣ್ಣಿಗೆ ಕಾಣದು. ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿಸಬೇಕು.

ಇಲ್ಲೊಂದು ದೊಡ್ಡ ಎಚ್ಚರಿಕೆ. ದನದ ಉಣ್ಣೆಗೆ ಸಿಂಪಡಿಸುವ ಅಮಿಟ್ರಾಜ್ ಹಳ್ಳಿ ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ. ಅದನ್ನು ಕುದುರೆಗೆ ಹಾಕಲೇಬಾರದು. ಕರುಳಿನ ಚಲನೆ ನಿಂತು, ಲದ್ದಿ ಕಟ್ಟಿ, ಹೊಟ್ಟೆಶೂಲೆಯಲ್ಲಿ ಕುದುರೆ ಸಾಯಬಹುದು. ಜಂತು ಕೊಲ್ಲುವ ಔಷಧಿಯಾದ ಐವರ್‌ಮೆಕ್ಟಿನ್‌ನ ದನದ ಇಂಜೆಕ್ಷನ್ನನ್ನೂ ತಂದು ಚುಚ್ಚಬೇಡಿ; ಚುಚ್ಚಿದ ಜಾಗ ಕೊಳೆತು ಜೀವಕ್ಕೆ ಬರುವುದುಂಟು. ಕುದುರೆಗೆ ಬಾಯಿಯ ಮೂಲಕ ಕೊಡುವ ಪೇಸ್ಟ್ ಇದೆ.

ಬೇಸಿಗೆಯಲ್ಲಿ ಎದ್ದು, ಏನು ಮಾಡಿದರೂ ಮಾಯದ ಹುಣ್ಣು

ಕಣ್ಣಿನ ಒಳಮೂಲೆ, ಶಿಶ್ನದ ತುದಿ, ಕೆಳಗಾಲಿನ ಹಳೆ ಗಾಯ: ತೇವ ಇರುವ ಜಾಗಗಳು. ಕೆಂಪು ಮಾಂಸ ಉಬ್ಬಿ, ತುರಿಕೆಗೆ ಕುದುರೆ ಕಚ್ಚಿಕೊಂಡು, ತೊಳೆದಾಗ ನುಚ್ಚಿನಷ್ಟು ದಪ್ಪದ ಹಳದಿ ಹರಳುಗಳು ಉದುರಿದರೆ ಅದು ಕುದುರೆಯವರು ಬರ್ಸಾತಿ ಎನ್ನುವ ಹುಣ್ಣು. ಬೆರಳ ನಡುವೆ ಉಜ್ಜಿದರೆ ಆ ಹರಳು ಗಟ್ಟಿಯಾಗಿ ಹತ್ತುತ್ತದೆ. ಕೀವಿನ ಹೆಪ್ಪಾದರೆ ಹಿಸುಕಿ ಹೋಗುತ್ತದೆ.

ಮೂಲ ಕುದುರೆಯ ಜಠರದಲ್ಲಿದೆ. ಅಲ್ಲಿ ಹ್ಯಾಬ್ರೊನೀಮಾ ಎಂಬ ಜಂತು ಇರುತ್ತದೆ. ಅದರ ಮರಿ ಲದ್ದಿಯಲ್ಲಿ ಹೊರಬಂದು, ಲದ್ದಿಯಲ್ಲಿ ಬೆಳೆಯುವ ನೊಣದ ಹುಳುವಿನ ಒಳಸೇರಿ, ನೊಣ ಹಾರಿ ಬಂದು ತುಟಿಯ ಮೇಲೆ ಕೂತರೆ ಮತ್ತೆ ಜಠರಕ್ಕೆ ಹೋಗುತ್ತದೆ. ಗಾಯದ ಮೇಲೆ ಕೂತರೆ ಮರಿ ದಾರಿ ತಪ್ಪಿ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಬೆಳೆಯಲೂ ಆಗದೆ ಉರಿಯೂತ ಎಬ್ಬಿಸುತ್ತದೆ. ಮೇಲೆ ಎಷ್ಟು ಮುಲಾಮು ಬಳಿದರೂ ಮಾಯದಿರುವುದು ಈ ಕಾರಣಕ್ಕೆ.

ಐವರ್‌ಮೆಕ್ಟಿನ್ ಪೇಸ್ಟ್ ಪ್ರತಿ ಕಿಲೋಗೆ 0.2 ಮಿಲಿಗ್ರಾಂ. ತೂಕದ ಅಂದಾಜು ಟೇಪಿನಿಂದ ಸಿಗುತ್ತದೆ: ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಭುಜದ ಮೂಳೆಯಿಂದ ಪೃಷ್ಠದ ಮೂಳೆಯವರೆಗಿನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ, ಅಳತೆಗಳು ಸೆಂಟಿಮೀಟರಿನಲ್ಲಿರಲಿ. ಸುತ್ತಳತೆ 150, ಉದ್ದ 140 ಇರುವ ಕುದುರೆ ಸುಮಾರು 265 ಕಿಲೋ, ಅದಕ್ಕೆ 53 ಮಿಲಿಗ್ರಾಂ. ಮರಿಗಳು ಸತ್ತ ಮೇಲೂ ಉರಿಯೂತ ಉಳಿಯುವುದರಿಂದ ವೈದ್ಯರು ಕೆಲವು ದಿನ ಸ್ಟಿರಾಯ್ಡ್ ಕೊಡಬಹುದು. ಅದನ್ನು ಸ್ವಂತ ಬುದ್ಧಿಯಿಂದ ಕೊಟ್ಟರೆ ಗೊರಸಿನೊಳಗೆ ಉರಿಯೂತ ಎದ್ದು ಕುದುರೆ ನಿಲ್ಲಲಾರದಂತಾಗುವ ಅಪಾಯವಿದೆ. ಲದ್ದಿಯನ್ನು ದಿನಾ ಎತ್ತಿ, ಲಾಯದಿಂದ ದೂರ ಮುಚ್ಚಿಡಿ. ಬೇಸಿಗೆಯಲ್ಲಿ ನೊಣದ ಮೊಟ್ಟೆ ನೊಣವಾಗಲು ಒಂದು ವಾರದ ಆಸುಪಾಸು ಸಾಕು. ಹದಿನೈದು ದಿನಕ್ಕೊಮ್ಮೆ ಗುಡಿಸಿದರೆ ಪ್ರಯೋಜನವಿಲ್ಲ.

ಹುಳ ಬಿದ್ದ ಗಾಯ

ಕೆಟ್ಟ ವಾಸನೆ, ರಕ್ತ ಬೆರೆತ ತೆಳು ರಸಿಗೆ, ಹೊರಗೆ ಸಣ್ಣ ತೂತು, ಒಳಗೆ ದೊಡ್ಡ ಗುಳಿ. ಟರ್ಪಂಟೈನ್ ಎಣ್ಣೆಯಲ್ಲಿ ಅದ್ದಿದ ಗಾಜ್ ತುಂಡನ್ನು ಐದು ಹತ್ತು ನಿಮಿಷ ಗಾಯದ ಬಾಯಿಗೆ ಹಿಡಿದರೆ ಹುಳುಗಳು ಗಾಳಿಗಾಗಿ ಮೇಲೆ ಬರುತ್ತವೆ. ಚಿಮುಟದಿಂದ ಒಂದೊಂದಾಗಿ ತೆಗೆದು ಸ್ಪಿರಿಟ್ ಇರುವ ಡಬ್ಬಿಗೆ ಹಾಕಿ, ನೆಲಕ್ಕೆ ಬಿಟ್ಟರೆ ಮಣ್ಣು ಸೇರಿ ಮತ್ತೆ ನೊಣವಾಗುತ್ತವೆ. ನಂತರ ಉಪ್ಪುನೀರಿನಿಂದ ಎಣ್ಣೆಯಂಶ ಹೋಗುವಂತೆ ತೊಳೆಯಿರಿ, ಟರ್ಪಂಟೈನ್ ಚರ್ಮವನ್ನು ಸುಡುತ್ತದೆ. ಸುತ್ತಲಿನ ಒಳ್ಳೆಯ ಚರ್ಮಕ್ಕೆ ಬೇವಿನೆಣ್ಣೆ ಸವರಿ. ಮೂರು ದಿನ ಮತ್ತೆ ಮತ್ತೆ ನೋಡಬೇಕು, ಒಂದೇ ಸಲಕ್ಕೆ ಎಲ್ಲ ಬರುವುದಿಲ್ಲ. ಕಣ್ಣು, ಕಿವಿಯೊಳಗೆ, ಜನನಾಂಗದಲ್ಲಿ ಹುಳ ಬಿದ್ದಿದ್ದರೆ ಟರ್ಪಂಟೈನ್ ಮುಟ್ಟಿಸಬೇಡಿ.

ಮಾಂಸ ಉಬ್ಬಿ ನಿಂತದ್ದು, ನರುಲಿಯಂಥದ್ದು

ಮಂಡಿಯ ಕೆಳಗಿನ ಗಾಯದಲ್ಲಿ ಕೆಂಪು ಮಾಂಸ ಚರ್ಮದ ಮಟ್ಟ ಮೀರಿ ಬೆಳೆದರೆ ಅಂಚಿನ ಚರ್ಮ ಮೇಲೆ ಹತ್ತಲಾರದೆ ನಿಲ್ಲುತ್ತದೆ. ಮೈಲುತುತ್ತದಿಂದ ಸುಡುವ ಹಳೆ ರೂಢಿಯಲ್ಲಿ ಮಾಂಸದ ಜೊತೆ ಆ ಅಂಚೂ ಸುಡುತ್ತದೆ. ವೈದ್ಯರು ಅದನ್ನು ಚರ್ಮದ ಮಟ್ಟಕ್ಕೆ ಕೊಯ್ದು ಕಟ್ಟು ಹಾಕುತ್ತಾರೆ; ಆ ಮಾಂಸಕ್ಕೆ ನರವಿಲ್ಲ, ರಕ್ತ ಮಾತ್ರ ಧಾರಾಳ.

ಗಾಯವೇ ಆಗದ ಕಡೆ ನರುಲಿಯಂತೆ ಎದ್ದದ್ದು ಸಾರ್ಕಾಯ್ಡ್ ಆಗಿರಬಹುದು. ದನದ ನರುಲಿಯ ವೈರಸ್ಸಿಗೆ ನಂಟಿರುವ ಗೆಡ್ಡೆ ಅದು. ದಾರ ಕಟ್ಟಿ ಬೀಳಿಸಲು ಹೋದರೆ, ಅರ್ಧ ಕೊಯ್ದು ಬಿಟ್ಟರೆ ಇನ್ನಷ್ಟು ಕೆರಳುತ್ತದೆ. ಕಣ್ಣಿನ ಸುತ್ತ ಅಥವಾ ಶಿಶ್ನದ ಗುಲಾಬಿ ಚರ್ಮದ ಮೇಲೆ ಹೂಕೋಸಿನ ಮೇಲ್ಮೈಯ ಹುಣ್ಣಿದ್ದರೆ ಕ್ಯಾನ್ಸರ್ ಅನುಮಾನ. ಬರ್ಸಾತಿ, ಸಾರ್ಕಾಯ್ಡ್, ಕ್ಯಾನ್ಸರ್ ಮೂರನ್ನೂ ಕಣ್ಣಂದಾಜಿನಲ್ಲಿ ಬೇರ್ಪಡಿಸುವುದು ಅನುಭವಿ ವೈದ್ಯರಿಗೂ ಕಷ್ಟ, ತುಣುಕು ತೆಗೆದು ಪ್ರಯೋಗಾಲಯಕ್ಕೆ ಕಳಿಸಬೇಕು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ದೊಡ್ಡ ಆಸ್ಪತ್ರೆಗೆ ಹೋಗಲು ಇದು ಸರಿಯಾದ ಕಾರಣ.

ಸಾಲಾಗಿ ಎದ್ದ ಗಂಟುಗಳು

ತೊಡೆಯ ಒಳಬದಿ, ಹಿಂಗಾಲು, ಕೆಲವೊಮ್ಮೆ ಕುತ್ತಿಗೆ, ಪಕ್ಕೆ. ಚರ್ಮದ ಕೆಳಗೆ ಹಗ್ಗದಂತೆ ದಪ್ಪಗಾದ ನಾಳ, ಅದರುದ್ದಕ್ಕೆ ಗಂಟು, ಗಂಟು ಒಡೆದು ಜೇನಿನ ಬಣ್ಣದ ಅಂಟು ಕೀವು, ಅಂಚು ಹರಿದ ಕುಳಿ. ಜೊತೆಗೆ ಜ್ವರ, ಸೊರಗುವಿಕೆ, ಮೂಗಿನ ಒಂದು ಅಥವಾ ಎರಡೂ ಹೊಳ್ಳೆಯಿಂದ ಸಿಂಬಳ ಇರಬಹುದು. ಇದೇ ರೂಪದಲ್ಲಿ ಬರುವ ಬೇರೆ ಸೋಂಕುಗಳೂ ಇವೆ, ಆದರೆ ಪರೀಕ್ಷೆ ಆಗುವ ತನಕ ಗ್ಲ್ಯಾಂಡರ್ಸ್ ಎಂಬ ಬ್ಯಾಕ್ಟೀರಿಯಾದ ಕಾಯಿಲೆ ಎಂದೇ ನಡೆದುಕೊಳ್ಳಬೇಕು. ಭಾರತದಲ್ಲಿ ಇದು 2006ರಲ್ಲಿ ಮಹಾರಾಷ್ಟ್ರದಲ್ಲಿ ಮತ್ತೆ ಕಾಣಿಸಿಕೊಂಡ ಮೇಲೆ ಹಲವು ರಾಜ್ಯಗಳಿಗೆ ಹರಡಿದೆ. ಮನುಷ್ಯರಿಗೂ ಅಂಟುತ್ತದೆ, ಚಿಕಿತ್ಸೆ ಸಿಗದಿದ್ದರೆ ಕೊಲ್ಲುತ್ತದೆ.

ಗಂಟನ್ನು ಒಡೆಯಬೇಡಿ, ತೊಳೆಯಬೇಡಿ. ಕುದುರೆಯನ್ನು ಬೇರೆ ಕಟ್ಟಿ, ಅದರ ಬಕೆಟ್, ತೋಬ್ರಾ (ಮೂತಿಗೆ ಕಟ್ಟುವ ಮೇವಿನ ಚೀಲ), ಬ್ರಷ್ಷನ್ನು ಬೇರೆ ಕುದುರೆಗೆ ಬಳಸಬೇಡಿ. ಸಾರ್ವಜನಿಕ ನೀರಿನ ತೊಟ್ಟಿಗೆ ಒಯ್ಯಬೇಡಿ, ಮಾರಬೇಡಿ, ಊರು ದಾಟಿಸಬೇಡಿ. ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ, ಗ್ಲ್ಯಾಂಡರ್ಸ್ ಅನುಮಾನ ಎಂದು ಮೊದಲ ಮಾತಿನಲ್ಲೇ ತಿಳಿಸಿ. 2009ರ ಪ್ರಾಣಿ ರೋಗ ನಿಯಂತ್ರಣ ಕಾಯ್ದೆಯಡಿ ಇದನ್ನು ತಿಳಿಸುವುದು ಕಡ್ಡಾಯ. ರಕ್ತದ ಮಾದರಿಯನ್ನು ಇಲಾಖೆಯೇ ತೆಗೆಸುತ್ತದೆ. ದೇಶದಲ್ಲಿ ಇದರ ಪರೀಕ್ಷೆಗೆ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಮುಖ್ಯ ಪ್ರಯೋಗಾಲಯ. ರೋಗ ಖಚಿತವಾದರೆ ಕುದುರೆಗೆ ಚಿಕಿತ್ಸೆಯಿಲ್ಲ, ದಯಾಮರಣ ಕೊಡುತ್ತಾರೆ, ಮಾಲೀಕರಿಗೆ ಪರಿಹಾರಧನ ಇದೆ. ಈ ಭಯಕ್ಕೆ ಮುಚ್ಚಿಟ್ಟರೆ ಪಕ್ಕದ ಕುದುರೆಗಳೂ ಹೋಗುತ್ತವೆ. ಅಂಥ ಕುದುರೆಯ ಮೈ ತಿಕ್ಕಿದವರಿಗೆ, ಲಾಯ ಗುಡಿಸಿದವರಿಗೆ ಜ್ವರವೋ ಕೈ ಮೇಲೆ ಮಾಯದ ಗಾಯವೋ ಕಂಡರೆ ಆಸ್ಪತ್ರೆಯಲ್ಲಿ ಕುದುರೆಯ ವಿಷಯವನ್ನು ಅವರೇ ಬಾಯಿಬಿಟ್ಟು ಹೇಳಬೇಕು, ವೈದ್ಯರಿಗೆ ಅದು ತಾನಾಗಿ ಹೊಳೆಯುವಂಥದ್ದಲ್ಲ.